ದಾರಿ ಬಿಡುತ್ತಿದ್ದ ಕಾಕಾ

ಧಾರವಾಡದ ನಮ್ಮ ಪಕ್ಕದ ಮನೆಯ ಕಾಕಾರ ಎಡಗೆನ್ನೆಯ ಮೇಲೆ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆಗಳಿದ್ದವು. ರೇಸಿಗೆ ಇಳಿದ ಮೊದಲ ವರ್ಷ ಮುಂದಿನ ಕಾರಿನ ಗಾಲಿಯಿಂದ ಸಿಡಿದ ಡಾಂಬರು ಚರ್ಮದೊಳಗೇ ಉಳಿದುಬಿಟ್ಟಿತ್ತು. ಆಮೇಲೆ ಅವರ ಮುಂದೆ ಯಾರೂ ಇರಲಿಲ್ಲ. ಮದರಾಸಿನ ಕಡೆ, ವಿಮಾನ ಇಳಿಯುತ್ತಿದ್ದ ಹಳೆಯ ಪಟ್ಟಿಯ ಮೇಲೆ, ಗಾಲಿಗಳಿಗೆ ಮುಚ್ಚಿಗೆಯೇ ಇಲ್ಲದ ಒಂಟಿ ಸೀಟಿನ ಕಾರು ಓಡಿಸಿ ಮೂರು ಸಲ ಚಾಂಪಿಯನ್ ಆದವರು. ಎರಡು ಬೆಳ್ಳಿ ಕಪ್ ಕಪಾಟಿನಲ್ಲಿದ್ದವು. ಮೂರನೆಯದರಲ್ಲಿ ಹಿತ್ತಲ ಕೋಳಿಗಳು ನೀರು ಕುಡಿಯುತ್ತಿದ್ದವು.

ಅರವತ್ತರ ದಶಕದಲ್ಲಿ ಹುಡುಗಿಗೆ ಡ್ರೈವಿಂಗ್ ಕಲಿಸುವುದೆಂದರೆ ಓಣಿಯವರ ಬಾಯಿಗೆ ಬೀಳುವ ಕೆಲಸ. ನಮ್ಮಪ್ಪ ಹಳೆಯ ಕಾರು ಕೊಂಡು, ಓಡಿಸಲು ಬಾರದೆ ಪೇಚಾಡುತ್ತಿದ್ದಾಗ ಕಾಕಾ ನನ್ನನ್ನೇ ಸ್ಟೇರಿಂಗಿಗೆ ಕೂರಿಸಿದರು. "ಕಣ್ಣ ರಸ್ತೆ ಮ್ಯಾಲಿರಲಿ, ಕಿವಿ ಇಂಜಿನ್ ಮ್ಯಾಲಿರಲಿ," ಎನ್ನುವರು.

ತಾವು ಓಡಿಸುವಾಗ ಮಾತ್ರ ಅವರಿಗೊಂದು ವಿಚಿತ್ರ ಚಾಳಿ. ಹುಬ್ಬಳ್ಳಿ ರಸ್ತೆಯ ರಾಯಾಪುರದ ತಿರುವಿನಲ್ಲಿ ಕಾರು ಎಡಕ್ಕೆ ನಿಲ್ಲಿಸಿ, ಬಲಗೈ ಹೊರಗೆ ಚಾಚಿ, "ಹೋಗಪಾ, ಮುಂದ ಹೋಗು" ಎಂದು ಬೀಸುವರು. ಸ್ವಲ್ಪ ಹೊತ್ತಿಗೆ "ಹೋದ" ಎಂದು ನಿರಾಳವಾಗಿ ಗೇರ್ ಹಾಕುವರು. ನಾನು ತಿರುಗಿ ನೋಡಿದರೆ ಮಟಮಟ ಮಧ್ಯಾಹ್ನದ ಖಾಲಿ ರಸ್ತೆ.

"ಯಾರೂ ಇಲ್ಲಲ್ರಿ ಕಾಕಾ?"

"ನಿನಗ ಕೇಳಿಸೂದಿಲ್ಲ ಬಿಡು," ಎಂದವರು ಒಂದು ದಿನ ತಾವಾಗಿಯೇ ಹೇಳಿದರು. ಕೊನೆಯ ರೇಸಿನಲ್ಲಿ ಅವರ ಹಿಂದೆಯೇ ಬರುತ್ತಿದ್ದವನು ಅವರ ಜೀವದ ಗೆಳೆಯನೇ ಅಂತೆ. "ಇಂಥಾದ ತಿರುವು. ದಾರಿ ಕೇಳಿದ, ನಾ ಬಿಡಲಿಲ್ಲ. ಗಾಲಿಗೆ ಗಾಲಿ ತಾಗಿ ಅವನ ಗಾಡಿ ನನ್ನ ತಲಿ ಮ್ಯಾಲಿಂದ ಹಾರಿ ಹೋತು. ಅವ ಉಳೀಲಿಲ್ಲ. ಕಪ್ ನನಗ ಬಂತು."

ನಾನು ನಗಲಿಲ್ಲ. ನಂಬಲೂ ಇಲ್ಲ.

ಅವರಿಗೆ ಎದೆನೋವು ಬಂದ ದಿನ ಹುಬ್ಬಳ್ಳಿಯ ದವಾಖಾನೆಗೆ ನಾನೇ ಕಾರು ಹೊರಡಿಸಿದೆ. ಹಿಂದಿನ ಸೀಟಿನಲ್ಲಿ ಮಲಗಿದ್ದವರು ರಾಯಾಪುರದ ತಿರುವು ಬರುತ್ತಲೇ ಎದ್ದು ಕೂತರು.

"ಬಾಜೂಕ ತಗೋ ಯವ್ವಾ. ಬಂದಾನ ಅವ."

"ಈಗ ಬ್ಯಾಡ್ರಿ ಕಾಕಾ, ಹೊತ್ತಾಗತೈತಿ!"

ಅವರ ಜೀವ ಉಳಿದರೆ ಸಾಕಾಗಿತ್ತು ನನಗೆ. ಇನ್ನಷ್ಟು ಜೋರಾಗಿ ಓಡಿಸಿದೆ. ಆಗ ನನಗೂ ಕೇಳಿಸಿತು. ನಮ್ಮದಲ್ಲದ ಇಂಜಿನ್ನೊಂದು ಕಿರುಚುತ್ತ ಬೆನ್ನ ಹಿಂದೆಯೇ ಬಂದು, ಫಕ್ಕನೆ ನಿಂತುಹೋಯಿತು. ಕನ್ನಡಿಯಲ್ಲಿ ಕಾಕಾರ ಮುಖ ಬಿಟ್ಟರೆ ಏನೂ ಇರಲಿಲ್ಲ.

"ನೀನೂ ಬಿಡಲಿಲ್ಲ," ಎಂದರು. ಉಣಕಲ್ ಕೆರೆ ದಾಟುವಷ್ಟರಲ್ಲಿ ಅವರ ಉಸಿರು ನಿಂತಿತ್ತು.

ವಿದ್ಯೆ ಕೊಟ್ಟವರ ಕೊನೆಯ ಮಾತೊಂದನ್ನು ನಡೆಸಿಕೊಡಲಿಲ್ಲವಲ್ಲ ಎಂಬ ಸಂಕಟ ಇಂದಿಗೂ ಹೋಗಿಲ್ಲ. ಆ ತಿರುವಿನಲ್ಲಿ ಈಗ ನಾನೂ ಕಾರು ಎಡಕ್ಕೆ ನಿಲ್ಲಿಸಿ ಕೈ ಬೀಸುತ್ತೇನೆ. ಹಿಂದೆ ಎರಡು ಇಂಜಿನ್‌ಗಳ ಸದ್ದು ಕೇಳುತ್ತದೆ, ಒಂದು ಆ ಗೆಳೆಯನದು, ಇನ್ನೊಂದು ಕಾಕಾರದು. ಎರಡೂ ಮುಂದೆ ಹೋಗುವುದಿಲ್ಲ.