ಕಪ್ಪೆಗಳ ತೊಟ್ಟಿಗೆ ಬಂದ ಕಲ್ಲು

ಸತ್ತ ಕಪ್ಪೆಗಳನ್ನು ಮೊದಲು ಕಂಡವಳು ಪಕ್ಕದ ಮನೆಯ ಹುಡುಗಿಯೇ. ಬೆಳಗ್ಗೆ ಕಣ್ಣು ಬಿಟ್ಟರೆ ಮಂಚದ ಎದುರಿಗೆ ಗಾಜಿನ ತೊಟ್ಟಿ. ಅದರಲ್ಲಿ ಅವಳ ಕಪ್ಪೆಗಳೆಲ್ಲ ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಅವಳು ಕಿರುಚಿದ್ದು ನಮ್ಮ ಮನೆಯ ಬಚ್ಚಲಲ್ಲಿದ್ದ ನನಗೆ ಕೇಳಿಸಿತು. ಒದ್ದೆ ಮೈಗೆ ಪಂಚೆ ಸುತ್ತಿಕೊಂಡು ಓಡಿದೆ.

ಎರಡನೇ ಮಹಾಯುದ್ಧದ ಕೊನೆಗಾಲ ಅದು. ನಾನು ಮದ್ದೂರಿನ ಸ್ಕೂಲಿನಲ್ಲಿ ಪ್ರಕೃತಿ ಪಾಠ ಹೇಳುತ್ತಿದ್ದೆ. ಪಕ್ಕದ ಮನೆಯವರು ಬಸ್ಸು ರಿಪೇರಿ ಮಾಡುವ ಸಾಹೇಬರು. ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಗ್ಯಾಸ್ ಒಲೆ ಕಟ್ಟಿದ್ದ ದಿನಗಳು. ಮಳವಳ್ಳಿ ಕಡೆಯ ಬಸ್ಸು ಏರಿನಲ್ಲಿ ಉಸಿರು ಕಟ್ಟಿ ನಿಂತರೆ ಸಾಹೇಬರಿಗೆ ಕರೆ ಬರುತ್ತಿತ್ತು. ಅವರಿಗೆ ಓದು ಬರುತ್ತಿರಲಿಲ್ಲ. ಮೇಷ್ಟ್ರಾಗಿದ್ದ ನಮ್ಮ ತಂದೆ ಇದ್ದಷ್ಟು ಕಾಲ ಸಂಜೆ ಹೊತ್ತು ಅವರ ಶೆಡ್ಡಿನಲ್ಲಿ ಹಳೇ ಟೈರಿನ ಮೇಲೆ ಕೂತು ಪತ್ರಿಕೆ ಓದಿ ಹೇಳುತ್ತಿದ್ದರು. ಹಿಂದಿನ ಮಳೆಗಾಲದಲ್ಲಿ ತಂದೆ ತೀರಿಕೊಂಡರು. ಅದೇ ಹೊತ್ತಿಗೆ ಸಾಹೇಬರ ಮಗಳಿಗೆ ವಿಪರೀತ ಜ್ವರ ಬಂದು ಕಾಲಿನ ಶಕ್ತಿ ಹೋಯಿತು. ಎಂಟು ವರ್ಷದ ಹುಡುಗಿ. ಅಂದಿನಿಂದ ಮಂಚವೇ ಅವಳ ಲೋಕ.

ಗದ್ದೆ ಕಡೆಯಿಂದ ಬರುವ ವಟಗುಟ್ಟುವ ಸದ್ದು ಕೇಳಿ ಅವಳಿಗೆ ಕಪ್ಪೆಗಳನ್ನು ಹತ್ತಿರದಿಂದ ನೋಡುವ ಆಸೆಯಾಯಿತು. ಹೆಚ್ಚು ಹೊತ್ತು ನೀರಿನಲ್ಲೇ ಇರುವ ಸಣ್ಣ ಜಾತಿಯೊಂದಿದೆ, ಕಣ್ಣು ಮಾತ್ರ ಮೇಲಿಟ್ಟುಕೊಂಡು ತೇಲುತ್ತವೆ, ಅವನ್ನು ಸಾಕಬಹುದು ಎಂದು ನಾನು ಹೇಳಿದೆ. ಸಾಹೇಬರು ಮುರಿದ ಬಸ್ಸಿನ ಕಿಟಕಿ ಗಾಜು ತಂದು, ಕಬ್ಬಿಣದ ಚೌಕಟ್ಟು ಬೆಸೆದು, ತೊಟ್ಟಿ ಮಾಡಿಯೇಬಿಟ್ಟರು. ಕೊತ್ತತ್ತಿಯ ನಾಲೆ ಬದಿಯಿಂದ ಕಪ್ಪೆಗಳು ಬಂದವು. ಹುಡುಗಿ ನಗಲು ಶುರುಮಾಡಿದಳು.

ಬರೀ ನೀರಿನಲ್ಲಿ ಅವು ಅನಾಥರ ಹಾಗೆ ಕಾಣುತ್ತವೆ, ಒಂದು ಅರಮನೆ ಬೇಕು ಎಂದು ಅವಳು ಹಟ ಹಿಡಿದಳಂತೆ. ಸಾಹೇಬರು ಸುಣ್ಣ ಸುಡುವ ಗೂಡಿನ ಹತ್ತಿರ ಬಿದ್ದಿದ್ದ ಬಿಳಿ ಕಲ್ಲುಗಳನ್ನು ಆಯ್ದು ತಂದು, ಹಸಿ ಸುಣ್ಣದ ಗಾರೆ ಹಾಕಿ ಗೋಪುರ ಕಟ್ಟಿ, ಬಾಗಿಲಿಗೆ ತಾಮ್ರದ ತಂತಿಯ ಕಮಾನು ಬಗ್ಗಿಸಿ, ಗಾರೆ ಒಣಗುವ ಮೊದಲೇ ಹಿಂದಿನ ರಾತ್ರಿ ನೀರಿಗಿಳಿಸಿದ್ದರು. ನನಗೆ ಆಶ್ಚರ್ಯವಾಗಲಿ ಎಂದು ಮುಂಚೆ ಹೇಳಿರಲಿಲ್ಲ.

ಆ ಬೆಳಗ್ಗೆ ತೊಟ್ಟಿಯ ನೀರಿಗೆ ಬೆರಳಿಟ್ಟೆ. ಸೋಪಿನ ನೀರಿನ ಹಾಗೆ ಜಾರುತ್ತಿತ್ತು. ನಿಂಬೆಹಣ್ಣು ತರಿಸಿ ಒಂದು ಬಿಳಿ ಕಲ್ಲಿನ ಮೇಲೆ ಹಿಂಡಿದೆ, ಬುಸುಬುಸು ನೊರೆಯೆದ್ದಿತು. ಸಾಹೇಬರು ಆ ನೊರೆಯನ್ನು ಹಾವು ನೋಡುವವರ ಹಾಗೆ ನೋಡಿದರು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದಲೇ ಹೀರುತ್ತದೆ, ಅರ್ಧ ಉಸಿರಾಟವೂ ಚರ್ಮದಿಂದಲೇ ಎಂದು ಹೇಳಿದೆ. ಹಸಿ ಸುಣ್ಣ ಅವುಗಳ ಮೈಯನ್ನು ಸುಟ್ಟಿತ್ತು. ಸಾಹೇಬರು ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. ಹುಡುಗಿ ಕೇಳಿದ್ದು ಒಂದೇ:

"ನಮ್ ಅಬ್ಬಾ ಕಟ್ಟಿದ್ ಮನೇಲೇ ಸತ್ತೋದ್ವಾ?"

ನಾನು ಸತ್ತ ಕಪ್ಪೆಗಳನ್ನು ತೊಟ್ಟಿಯಿಂದ ತೆಗೆದು ಹಿತ್ತಲಿಗೆ ಒಯ್ದೆ.

ಆಮೇಲೆ ಎಂಥ ಕಲ್ಲು ಆಗಬಹುದು ಎಂದು ಸಾಹೇಬರು ನನ್ನನ್ನು ಕೆದಕಿ ಕೆದಕಿ ಕೇಳಿದರು. ನಿಂಬೆರಸಕ್ಕೆ ನೊರೆಯೇಳಬಾರದು. ಹಸಿರು, ತುಕ್ಕಿನ ಬಣ್ಣ, ಲೋಹದ ಮಿಣುಕು ಇದ್ದರೆ ಬೇಡ. ಅಂಚು ಚೂಪಾಗಿರಬಾರದು, ಕಪ್ಪೆಯ ತೊಗಲು ಕಾಗದಕ್ಕಿಂತ ತೆಳು. ಬಾಯಲ್ಲಿ ಹಿಡಿಸುವಷ್ಟು ಸಣ್ಣದೂ ಬೇಡ, ನುಂಗಿಬಿಡುತ್ತದೆ. ಗಾರೆ, ತಂತಿ ಮುಟ್ಟಲೇಬಾರದು. ಅಗಲದ ಕಲ್ಲು ಕೆಳಗೆ, ಮೇಲೆ ಮೇಲೆ ಸಣ್ಣದು, ಅಲುಗಾಡದ ಹಾಗೆ ಪೇರಿಸಬೇಕು. ಸಂದಿನಲ್ಲಿ ಸಿಕ್ಕಿಕೊಂಡರೆ ಮೇಲೆ ಬಂದು ಉಸಿರಾಡಲಾಗದೆ ಸಾಯುತ್ತದೆ. ಹೊಳೆಯಲ್ಲಿ ಉರುಳಿ ನುಣ್ಣಗಾದ ಕರಿಕಲ್ಲಾದರೆ ಒಳ್ಳೆಯದು ಎಂದು ನಾನೇ ಹೇಳಿದೆ.

ಸಾಹೇಬರು ಸೈಕಲ್ಲಿಗೆ ಗೋಣಿಚೀಲ ಕಟ್ಟಿಕೊಂಡು ವೈದ್ಯನಾಥಪುರದ ಕಡೆ ಹೊರಟರು. ಬೇಸಿಗೆ, ಶಿಂಷೆ ಹೊಳೆ ಬತ್ತಿ ಅಲ್ಲಲ್ಲಿ ಮಡುಗಟ್ಟಿತ್ತು. ತಂದ ಕಲ್ಲುಗಳಿಗೆಲ್ಲ ತಾವೇ ನಿಂಬೆರಸ ಬಿಟ್ಟು ನೋಡಿ, ಕುದಿಸಿ, ಬಾವಿ ನೀರಿನಲ್ಲಿ ನೆನೆಹಾಕಿ, ನೀರು ಬದಲಾಯಿಸುತ್ತ ಒಂದು ವಾರ ಕಳೆದರು. ಹೊಸ ಕಪ್ಪೆಗಳನ್ನು ಬಿಟ್ಟ ದಿನ ಸ್ಕೂಲು ಬಿಡುವ ಹೊತ್ತಿಗೆ ಗೇಟಿನ ಹತ್ತಿರವೇ ಬಂದು ಕಾಯುತ್ತಿದ್ದರು. ನನ್ನನ್ನು ಕರೆದುಕೊಂಡು ಹೋಗಿ ತೊಟ್ಟಿಯ ಮುಂದೆ ನಿಲ್ಲಿಸಿದರು.

ಚೆಂದವಾಗಿತ್ತು. ಕಪ್ಪು ಕಲ್ಲುಗಳ ಪುಟ್ಟ ಮಂಟಪ. ನೆತ್ತಿಯಲ್ಲಿ ನೀರಿನಿಂದ ಒಂದಿಷ್ಟು ಮೇಲೆ ನಿಂತ ಚಪ್ಪಟೆ ಕಲ್ಲು. ಅದರ ಮೇಲೆ ಕಪ್ಪೆಯೊಂದು ಗಂಟಲು ಮಿಡಿಯುತ್ತ ಕೂತಿತ್ತು. ಭೇಷ್ ಎಂದೆ. ಸಂದುಗಳು ಸರಿಯಾಗಿವೆಯೇ ನೋಡೋಣ ಎಂದು ತೋಳು ಮಡಚಿ ಕೈ ಹಾಕಿದೆ. ಕಪ್ಪೆ ಹಾರಿತು. ಆ ಚಪ್ಪಟೆ ಕಲ್ಲನ್ನು ಎತ್ತಿದೆ.

ಎತ್ತಿದ ಕ್ಷಣದಲ್ಲೇ ಕೈಗೆ ಗೊತ್ತಾಯಿತು, ಕಣ್ಣಿಗೆ ಆಮೇಲೆ. ಹೆಬ್ಬೆರಳು ತಾನಾಗಿ ಹೋಗಿ ಕಲ್ಲಿನ ಪಕ್ಕದಲ್ಲಿದ್ದ ಒಂದು ತಗ್ಗಿನಲ್ಲಿ ಕೂತಿತು. ತಿರುಗಿಸಿದೆ. ಹೊಟ್ಟೆಯ ಮೇಲೆ ಓರೆಯಾಗಿ ಎಳೆದ ಬಿಳಿ ಗೆರೆ.

ನಮ್ಮಲ್ಲಿ ಒಂದು ಪದ್ಧತಿ. ಯಾರಾದರೂ ತೀರಿಕೊಂಡರೆ ಅವರ ಮಗ ಹೊಳೆಯಿಂದ ಒಂದು ಕಲ್ಲು ಆರಿಸಿಕೊಳ್ಳುತ್ತಾನೆ. ಸತ್ತವರು ಅದರಲ್ಲಿದ್ದಾರೆ ಎಂದುಕೊಂಡು ಕರ್ಮ ಮುಗಿಯುವವರೆಗೆ ದಿನವೂ ಅದಕ್ಕೆ ಎಳ್ಳುನೀರು ಬಿಡುತ್ತಾನೆ. ಕೊನೆಗೆ ಕಲ್ಲನ್ನು ಹೊಳೆಗೇ ಹಾಕಿ, ತಿರುಗಿ ನೋಡದೆ ಬರುತ್ತಾನೆ. ಹಿಂದಿನ ಮಳೆಗಾಲದಲ್ಲಿ, ವೈದ್ಯನಾಥಪುರದ ದೇವಸ್ಥಾನದ ಕೆಳಗೆ, ಈ ಕಲ್ಲನ್ನು ಆರಿಸಿದವನು ನಾನು. ಈ ತಗ್ಗಿನಲ್ಲಿ ಹೆಬ್ಬೆರಳಿಟ್ಟು ದಿನವೂ ಹಿಡಿದುಕೊಂಡು ಅತ್ತವನು ನಾನು. ಕೆಂಪು ನೀರು ದಡ ಮೀರಿ ಹರಿಯುತ್ತಿದ್ದಾಗ ಇದನ್ನು ಎಸೆದು, ಬೆನ್ನು ತಿರುಗಿಸಿ ಬಂದಿದ್ದೆ.

ಕಲ್ಲು ಹಿಡಿದುಕೊಂಡೇ ನೆಲದ ಮೇಲೆ ಕೂತೆ. ನೀರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಸಾಹೇಬರು ಗಾಬರಿಯಾಗಿ, ಏನಾಯ್ತು, ಚೇಳು ಗೀಳು ಕಡಿತಾ ಎಂದರು. ಅದು ನಾನೇ ಹೊಳೆಗೆ ಎಸೆದಿದ್ದ ಕರ್ಮದ ಕಲ್ಲು ಎಂದು ಹೇಳಿದೆ.

ಅವರು ತೊಟ್ಟಿಯಿಂದ ಹಿಂದೆ ಸರಿದರು. ಎರಡೂ ಕೈಗಳನ್ನು ಲುಂಗಿಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಮುಖ ಬೂದಿಯಂತಾಗಿತ್ತು.

"ದೊಡ್ ಮೇಷ್ಟ್ರುದಾ?" ಎಂದರು. "ನಂಗೆ ಪೇಪರ್ ಓದಿ ಏಳ್ತಿದ್ರಲ್ಲ, ಅವರ್ದಾ?"

ಹೌದು ಎಂದೆ. ಇನ್ನು ನಿಮ್ಮ ಅಮ್ಮಾವರಿಗೆ ಹೇಗೆ ಮುಖ ತೋರಿಸಲಿ ಎಂದು ಅವರು ಅಲ್ಲೇ ಕುಸಿದು ಕೂತರು. ನಾವಿಬ್ಬರೂ ನೆಲದ ಮೇಲೆ, ನಡುವೆ ಆ ಕಲ್ಲು. ಅದನ್ನು ಎಲ್ಲಿಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ಇದ್ದ ಜಾಗದಲ್ಲೇ, ಮಂಟಪದ ನೆತ್ತಿಯ ಮೇಲೆ ಇಟ್ಟೆ.

ಅಮ್ಮನಿಗೆ ಹೇಳದೆ ವಿಧಿಯಿರಲಿಲ್ಲ. ಮಡಿ ಮೈಲಿಗೆಯಲ್ಲಿ ಬಿಗಿಯಾದ ಹೆಂಗಸು. ಸಾಹೇಬರ ಹೆಂಡತಿಯೊಡನೆ ಗೋಡೆಯ ಮೇಲಿಂದಲೇ ಮಾತಾಡುತ್ತಿದ್ದಳು ಹೊರತು ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಅಳುತ್ತಾಳೆ, ಬೈಯುತ್ತಾಳೆ, ಪುರೋಹಿತರಿಗೆ ಹೇಳಿ ಕಳಿಸುತ್ತಾಳೆ ಎಂದು ನಾನು ಕಾದೆ. ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು, ಸೆರಗು ಹೊದ್ದು, ನೇರವಾಗಿ ಅವರ ಮನೆಯೊಳಗೆ ನಡೆದಳು. ಕಲ್ಲಿಗಿಂತ ಹೆಚ್ಚಾಗಿ ನನ್ನನ್ನು ದಂಗುಬಡಿಸಿದ್ದು ಅದು.

ಕಪ್ಪೆ ಮತ್ತೆ ಅದೇ ಕಲ್ಲಿನ ಮೇಲೆ ಹತ್ತಿ ಕೂತಿತ್ತು. ಅಮ್ಮ ನೋಡುತ್ತ ನಿಂತಳು. ಅಷ್ಟು ಹೊತ್ತಿಗೆ ಹುಡುಗಿಗೆ ಅವರಪ್ಪ ಎಲ್ಲ ಹೇಳಿದ್ದರು. ಅವಳು ಮಂಚದಿಂದ ಮೆಲ್ಲಗೆ ಕೇಳಿದಳು:

"ಅಜ್ಜೀ, ತಾತಂಗೆ ಕಪ್ಪೆ ಕಂಡ್ರೆ ಆಗ್ತಿರ್ಲಿಲ್ವಾ?"

"ಹೆದರಿಕೆ ಕಣೇ, ಬಲು ಹೆದರಿಕೆ," ಎಂದಳು ಅಮ್ಮ. "ಮದುವೆಯಾದ ಹೊಸದರಲ್ಲಿ ಬಚ್ಚಲಿಗೆ ಒಂದು ಕಪ್ಪೆ ಬಂತು ಅಂತ ಹಂಡೆ ಮೇಲೆ ಹತ್ತಿ ನಿಂತಿದ್ರು."

ಹಾಗೆ ಹೇಳಿ ಅವಳು ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಊರೆಲ್ಲ ಹೆದರುತ್ತಿದ್ದ ಮೇಷ್ಟ್ರು ಕಪ್ಪೆಗೆ ಹೆದರುತ್ತಿದ್ದರು ಎಂಬುದೂ ನನಗೆ ಗೊತ್ತಿರಲಿಲ್ಲ. ನಗುತ್ತಿದ್ದ ಹಾಗೆಯೇ ಅವಳ ಕಣ್ಣು ತುಂಬಿತು. ನನ್ನ ಕಡೆ ತಿರುಗಿ, "ಒಂದ್ಸಲ ಕಳಿಸಿಕೊಟ್ಟವರನ್ನ ಮನೇಲಿ ಇಟ್ಕೋಬಾರದಪ್ಪ. ನಾಳೆ ಬಿಟ್ಟು ಬರೋಣ. ನಾನೂ ಬರ್ತೀನಿ, ಸಾಹೇಬರೂ ಬರಲಿ," ಎಂದಳು.

ಮಾರನೆಯ ಬೆಳಗ್ಗೆ ಎತ್ತಿನ ಗಾಡಿಯಲ್ಲಿ ಹೋದೆವು. ಸಾಹೇಬರು ಗೋಣಿಚೀಲವನ್ನೂ ತಂದಿದ್ದರು. ತೊಟ್ಟಿಯ ಅಷ್ಟೂ ಕಲ್ಲು ಅದರಲ್ಲಿತ್ತು. ಇದೊಂದೇ ಅಲ್ಲ, ಮಿಕ್ಕವು ಯಾರ್ಯಾರ ಮನೆಯವೋ ಎಂದು ರಾತ್ರಿಯೆಲ್ಲ ನಿದ್ದೆ ಬರಲಿಲ್ಲವಂತೆ. ಅದು ನನಗೆ ಹೊಳೆದೇ ಇರಲಿಲ್ಲ.

ಮಡುವಿನ ಹತ್ತಿರ ಕಲ್ಲನ್ನು ನಾನು ಹಾಕುತ್ತೇನೆಂದು ಕೈಚಾಚಿದೆ. ಅಮ್ಮ ಕೊಡಲಿಲ್ಲ. ಗಂಡಸರೇ ಮಾಡಬೇಕಾದ ಕೆಲಸ ಅದು. ನಾನು ಬಾಯಿಬಿಡುವಷ್ಟರಲ್ಲಿ ಅವಳು ಸೀರೆ ನೆನೆಯುವುದನ್ನೂ ಲೆಕ್ಕಿಸದೆ ಮೊಣಕಾಲುದ್ದ ನೀರಿಗಿಳಿದಿದ್ದಳು. ಕಲ್ಲನ್ನು ಎಸೆಯಲಿಲ್ಲ. ಬಗ್ಗಿ, ಮಗುವನ್ನು ಮಲಗಿಸುವ ಹಾಗೆ ನೀರೊಳಗೆ ಬಿಟ್ಟಳು. ಸಾಹೇಬರು ದಡದಲ್ಲಿ ತಲೆಗೆ ಕರವಸ್ತ್ರ ಕಟ್ಟಿಕೊಂಡು, ಅಂಗೈ ಬಿಚ್ಚಿ ಹಿಡಿದು ಏನೋ ಹೇಳಿಕೊಳ್ಳುತ್ತಿದ್ದರು. ಆಮೇಲೆ ಅವರೂ ಇಳಿದು ಚೀಲದ ಕಲ್ಲುಗಳನ್ನು ಒಂದೊಂದಾಗಿ ಬಿಟ್ಟರು.

ಕಪ್ಪೆಗಳಿಗೆ ಮನೆ ಬೇಕಿತ್ತಲ್ಲ. ಒರಳು, ಬೀಸುವ ಕಲ್ಲು ಮಾಡುವವರ ಅಂಗಳದಲ್ಲಿ ಬಿದ್ದ ಕರಿಕಲ್ಲಿನ ಚಕ್ಕೆಗಳನ್ನು ನಾನೇ ತಂದೆ. ನಿಂಬೆರಸಕ್ಕೆ ಅವು ಸುಮ್ಮನಿದ್ದವು. ಆದರೆ ಅಂಚುಗಳು ಕತ್ತಿಯಂತಿದ್ದವು. ಅಮ್ಮ ಮಧ್ಯಾಹ್ನದ ಕೆಲಸ ಮುಗಿಸಿ ಆ ಮನೆಗೆ ಹೋಗಿ, ಮಂಚದ ಪಕ್ಕದಲ್ಲಿ ಕೂತು, ನೀರು ಚಿಮುಕಿಸಿ ಚಕ್ಕೆಗಳನ್ನು ಒಂದಕ್ಕೊಂದು ಉಜ್ಜಿದಳು. ಹುಡುಗಿಯೂ ದಿಂಬಿಗೆ ಒರಗಿ ಕೂತು ಉಜ್ಜಿದಳು. ಸಾಹೇಬರ ಹೆಂಡತಿ ಮೊದಲು ಸಂಕೋಚದಿಂದ ಬಾಗಿಲಲ್ಲಿ ನಿಂತಿರುತ್ತಿದ್ದಳು, ಆಮೇಲೆ ಅವಳೂ ಒಂದು ಚಕ್ಕೆ ಹಿಡಿದು ಕೂತಳು. ಅಪ್ಪನ ಬಗ್ಗೆ ನನಗೆ ಎಂದೂ ಹೇಳದ ಎಷ್ಟೋ ವಿಷಯಗಳನ್ನು ಅಮ್ಮ ಅವರಿಗೆ ಹೇಳುತ್ತಿದ್ದಳು. ನಾನು ಜಗಲಿಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತ, ಕಿವಿಯನ್ನು ಆ ಕಡೆಯೇ ಇಟ್ಟುಕೊಂಡಿರುತ್ತಿದ್ದೆ.

ಆ ಕಪ್ಪೆಗಳು ಬದುಕಿದವು. ಮಳೆ ಶುರುವಾದಾಗ ಸಾಹೇಬರು ಹುಡುಗಿಯನ್ನು ಹೊತ್ತುಕೊಂಡು ಹೋಗಿ ಅವಳ ಕೈಯಿಂದಲೇ ಗದ್ದೆಗೆ ಬಿಡಿಸಿದರು. ಮುಂದೆ ಅವಳು ಒಂದು ಕಾಲು ಎಳೆದುಕೊಂಡೇ ಆದರೂ ನಡೆದಳು. ನನಗೆ ಮಳವಳ್ಳಿಗೆ ವರ್ಗವಾಯಿತು. ಅಮ್ಮ ಆ ಹುಡುಗಿಯನ್ನು ಬಿಟ್ಟು ಬರಲು ಒಪ್ಪದೆ ಆ ವರ್ಷವೆಲ್ಲ ಮದ್ದೂರಿನಲ್ಲೇ ಉಳಿದಳು.