ಹಾರ್ಮೋನಿಯಂಗೆ ಅಂಟಿದ ಹೆಸರು

ಕೇಳಿ ಸ್ನೇಹಿತರೇ. ಕುಮಟೆಯಲ್ಲಿ ನಾವು ಉಚಿತವಾಗಿ ಕಲಿಸುವ ಮಕ್ಕಳ ವಾದ್ಯವೃಂದಕ್ಕೆ ಇವತ್ತು ಮೊದಲ ಹಾರ್ಮೋನಿಯಂ ಬಂತು. ಕೊಟ್ಟ ದಾನಿಗಳು ಸಭಿಕರಿಗೆ ಕಾಣಲೆಂದು ತಮ್ಮ ಹೆಸರಿನ ದೊಡ್ಡ ಸ್ಟಿಕ್ಕರನ್ನು ಹಿಂಬದಿಗೆ, ಗಾಳಿ ಹಾಕುವ ತಿದಿಗೂ ಪೆಟ್ಟಿಗೆಗೂ ಸೇರಿಸಿ ಅಂಟಿಸಿ ತಂದಿದ್ದರು. ತಿದಿ ತೆರೆಯದೆ ಸ್ವರ ಹೊರಡುವುದುಂಟೇ? ನಾನು ಸ್ಟಿಕ್ಕರಿಗೆ ಉಗುರು ಹಾಕಿದ್ದೇ ತಡ, “ಅಕ್ಕೋರೆ, ಎಂತ ಮಾಡ್ತೀರಿ? ಹೆಸ್ರು ಹರ್ದು ಹೋಗ್ತದೆ!” ಎಂದು ದಾನಿಗಳು ಕೂಗಿದರು.

“ಇದನ್ನ ಕೀಳದಿದ್ರೆ ಬಾರ್ಸೂಕೆ ಆಗೂದಿಲ್ಲ.”

“ಬಾರ್ಸೂದು ನಾಳೆಗೂ ಆತದೆ. ಫೋಟೋ ಇವತ್ತೇ ಆಗ್ಬೇಕು.”

ತಿಂಗಳಿಂದ ಬೆಂಚಿನ ಮೇಲೆ ಬೆರಳಾಡಿಸಿ ಕಲಿತಿದ್ದ ಹುಡುಗಿ, ಇವತ್ತು ಮೂಕ ಹಾರ್ಮೋನಿಯಂ ಮೇಲೆ ಬೆರಳಾಡಿಸಿದಳು. ಉಳಿದ ಮಕ್ಕಳು ನನ್ನ ಮೊಬೈಲಿನ ಶ್ರುತಿಗೆ ಹಾಡಿದರು. ದಾನಿಗಳು ಕಣ್ಣು ಮುಚ್ಚಿ ತಲೆದೂಗಿ, ಆಮೇಲೆ ಮೈಕ್ ಹಿಡಿದು, “ಕೇಳಿದ್ರಲ್ಲ, ನಮ್ಮ ಪೆಟ್ಗೆ ನಾದ ಹೆಂಗದೆ!” ಎಂದರು. ಚಪ್ಪಾಳೆಯೂ ಬಿತ್ತು.

ಈಗ ಮನೆಯಲ್ಲಿ ಬ್ಲೇಡು ಹಿಡಿದು ಕೂತಿದ್ದೇನೆ. ಅವರ ಹೆಸರು ಕೆರೆದಷ್ಟೂ ಪೆಟ್ಟಿಗೆಗೆ ಉಸಿರು ಬರುತ್ತಿದೆ.