ರಿಬ್ಬನ್ ಕಟ್ಟಿದ ಬಾಗಿಲು

ದೊಡ್ಡಕ್ಕ ನಮ್ಮ ಯುವಕೇಂದ್ರದ ಕಾರ್ಯಕರ್ತೆ. ನಾನು ಅಲ್ಲಿನ ಮ್ಯಾನೇಜರ್, ಅಂದರೆ ಬೀಗದ ಕೈಗಳನ್ನು ಇಟ್ಟುಕೊಂಡು ಕೂರುವವನು. ಮಕ್ಕಳ ಆರೋಗ್ಯ ಸುಧಾರಿಸಬೇಕೆಂದು ಮೇಲಿನ ಆಫೀಸಿನವರು ಆಗಾಗ ಭಾಷಣ ಮಾಡಿಸುತ್ತಾರೆ. ದೊಡ್ಡಕ್ಕ ಭಾಷಣದವರಲ್ಲ. ಮೆಟ್ಟಿಲ ಮೇಲೆ ಕೂತು, ಓಡಲು ಬರುವವರ ಶೂ ಲೇಸು ಬಿಗಿಯುತ್ತಾ, ತಿಂದೆಯಾ, ನಿದ್ದೆ ಬಂತಾ, ಯಾಕೆ ಮುಖ ಬಾಡಿದೆ ಎಂದು ಕೇಳುತ್ತಾರೆ. ಎಲ್ಲರ ನೀರಿನ ಬಾಟಲಿಗಳನ್ನೂ ಕಿಟಕಿಯಲ್ಲಿ ಸಾಲಾಗಿ ಇಡಿಸಿ, ಸಂಜೆ ಯಾವುದು ಎಷ್ಟು ಖಾಲಿಯಾಗಿದೆ ಎಂದು ಬಗ್ಗಿ ನೋಡುತ್ತಾರೆ. ಇದೆಂಥ ಹುಚ್ಚು ಎಂದು ನಾನು ನಗುತ್ತಿದ್ದೆ.

ಗುಬ್ಬಿ ಎಂದು ಎಲ್ಲರೂ ಕರೆಯುವ ಹದಿನೈದರ ಹುಡುಗಿಯ ಬಾಟಲಿ ಮಾತ್ರ ದಿನವೂ ತುಂಬಿದ್ದು ತುಂಬಿದ ಹಾಗೇ ಇರುತ್ತಿತ್ತು. ನಮ್ಮಲ್ಲಿ ಅವಳಷ್ಟು ಚುರುಕಾಗಿ ಓಡುವವರಿಲ್ಲ. ಅವಳಿಗೆ ಎರಡನೇ ಸಲ ಚಳಿಜ್ವರ ಬಂದಾಗ ದೊಡ್ಡಕ್ಕನೇ ಡಾಕ್ಟರ ಬಳಿ ಕರೆದೊಯ್ದರು. ಮೂತ್ರದ ಸೋಂಕು, ಹೀಗೇ ಬಿಟ್ಟರೆ ಕಿಡ್ನಿಗೆ ಏರುತ್ತದೆ, ನೀರು ಕುಡಿಯಬೇಕು, ತಡೆದುಕೊಳ್ಳಬಾರದು ಎಂದರು ಡಾಕ್ಟರು.

“ಯಾಕೆ ಪುಟ್ಟಾ ನೀರು ಕುಡಿಯಲ್ಲ?” ಎಂದು ದೊಡ್ಡಕ್ಕ ಕೇಳಿದರು.

“ಕುಡಿದ್ರೆ ಎಲ್ಲಿಗೆ ಹೋಗ್ಲಿ ಅಕ್ಕಾ? ಸ್ಕೂಲಿಂದು ಗಬ್ಬು, ಇಲ್ಲಿದಕ್ಕೆ ಬೀಗ. ನಮ್ಮನೆ ದೂರ.”

ಹುಡುಗಿಯರಿಗೆಂದೇ ಕಟ್ಟಿಸಿದ ಹೊಸ ಶೌಚಾಲಯ ಕೇಂದ್ರದ ಮೈದಾನದ ಮೂಲೆಯಲ್ಲೇ ಇತ್ತು. ನಾಲ್ಕು ತಿಂಗಳಿಂದ ಅದರ ಬಾಗಿಲಿಗೆ ಕೆಂಪು ರಿಬ್ಬನ್. ಮೇಲಿನ ಆಫೀಸಿನ ಸಾಹೇಬರು ಬಂದು ಕತ್ತರಿಸಬೇಕು, ಸಾಹೇಬರಿಗೆ ಪುರುಸೊತ್ತಿಲ್ಲ. ಬೀಗದ ಕೈ ನನ್ನ ಡ್ರಾಯರಿನಲ್ಲಿತ್ತು.

“ಸಾರ್, ಕೀ ಕೊಡಿ.”

“ಉದ್ಘಾಟನೆ ಆಗ್ದೆ ಹೇಗೆ ತೆಗೀಲಿ ದೊಡ್ಡಕ್ಕ? ನಾಳೆ ನನ್ನ ಕುತ್ತಿಗೆಗೆ ಬರುತ್ತೆ.”

“ಆ ಮಗುವಿನ ಕಿಡ್ನಿಗೆ ಬರ್ತಾ ಇದೆ. ನಿಮ್ಮ ಕುತ್ತಿಗೆ ಆಮೇಲೆ ನೋಡೋಣ.”

ನಾನು ಕೊಡಲಿಲ್ಲ. ಅವರು ಮೇಲಿನ ಆಫೀಸಿಗೆ ಮೂರು ಪತ್ರ ಬರೆದರು, ಎರಡು ಸಲ ಅಲ್ಲಿಗೇ ಹೋಗಿ ದಿನವಿಡೀ ಬೆಂಚು ಕಾದು ಬಂದರು. ಕೊನೆಗೆ ಅಲ್ಲಿಂದ ಬಂದದ್ದು ಒಂದು ಕಟ್ಟು ಪೋಸ್ಟರ್: ‘ದಿನಕ್ಕೆ ಎಂಟು ಲೋಟ ನೀರು ಕುಡಿಯಿರಿ.’ ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದನ್ನು ಆ ಬಾಗಿಲ ಪಕ್ಕದ ಗೋಡೆಗೆ ನಾನೇ ಅಂಟಿಸಿದೆ.

ಮರುವಾರ ಗುಬ್ಬಿ ಓಡುತ್ತಿದ್ದವಳು ಹೊಟ್ಟೆ ಹಿಡಿದು ಕುಸಿದಳು. ದೊಡ್ಡಕ್ಕ ಆಸ್ಪತ್ರೆಯಿಂದ ನೆಟ್ಟಗೆ ನನ್ನ ಮೇಜಿನ ಮುಂದೆ ಬಂದು ನಿಂತರು.

“ಕಿಡ್ನಿಗೆ ಏರಿದೆಯಂತೆ. ನಿಮ್ಮ ಎಂಟು ಲೋಟ ಈಗ ಡ್ರಿಪ್ಪಲ್ಲಿ ಹೋಗ್ತಾ ಇದೆ ಸಾರ್.”

ಕೈ ಚಾಚಿದರು. ನಾನು ಡ್ರಾಯರು ಎಳೆದು ಕೀ ಅವರ ಕೈಗಿಟ್ಟೆ.

ರಿಬ್ಬನ್ ಕಿತ್ತು ಬಾಗಿಲು ತೆಗೆದೆವು. ಥಳಥಳ ಹೊಳೆಯುವ ಟೈಲ್ಸು. ನಲ್ಲಿ ತಿರುಗಿಸಿದರೆ ಒಂದು ಹನಿಯೂ ಇಲ್ಲ. ಗೋಡೆಯ ಹಿಂದೆ ಹೋಗಿ ನೋಡಿದೆ, ಟ್ಯಾಂಕಿಗೆ ಪೈಪನ್ನೇ ಜೋಡಿಸಿರಲಿಲ್ಲ.

“ಇದಕ್ಕಾ ಸಾರ್ ನಾಲ್ಕು ತಿಂಗಳು ಕಾವಲು ಕೂತಿದ್ದು ನೀವು?”

ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಎಂದರೆ ಮೊದಲು ನನ್ನ ಮೇಲೆಯೇ.

ಪೈಪಿಗಾಗಿ ಬರೆದ ಪತ್ರಕ್ಕೆ ಇನ್ನೂ ಉತ್ತರವಿಲ್ಲ. ಅಪ್ಪಣೆಯಿಲ್ಲದೆ ಬಾಗಿಲು ತೆಗೆದದ್ದೇಕೆ ಎಂಬ ನೋಟಿಸು ಮಾತ್ರ ಮೂರೇ ದಿನಕ್ಕೆ ಬಂತು. ಈಗ ದಿನಾ ಬೀದಿ ನಲ್ಲಿಯಿಂದ ದೊಡ್ಡಕ್ಕ ಎರಡು ಬಕೆಟ್, ನಾನು ಎರಡು ಬಕೆಟ್ ಹೊರುತ್ತೇವೆ.

ತಿಂಗಳಾದ ಮೇಲೆ ಗುಬ್ಬಿ ಬಂದಿದ್ದಾಳೆ. ಓಡುವಂತಿಲ್ಲ, ಮೆಟ್ಟಿಲ ಮೇಲೆ ಕೂತು ಬೇರೆಯವರ ಓಟ ನೋಡುತ್ತಾಳೆ. ನಿನ್ನೆ ಬಾಟಲಿಯ ಮುಚ್ಚಳ ತೆಗೆದವಳು ತುಟಿಗಿಡುವ ಮೊದಲು ಮೂಲೆಯ ಕಡೆ ತಿರುಗಿ, ಬಾಗಿಲು ತೆರೆದಿದೆಯೇ ಎಂದು ನೋಡಿದಳು. ಆಮೇಲೆ ಕುಡಿದಳು.